ದನದ ಡಾಕ್ಟ್ರ ಗಾಡಿಯ ಡೈನಮೋ

ಅಜ್ಜಂಪುರ, 4 ಮಾರ್ಚ್ 1963, ಸೋಮವಾರ

ಇಂದಿನಿಂದ ದಿನಚರಿ ಬರೆಯುವುದೆಂದು ತೀರ್ಮಾನಿಸಿ, ಕೈಕಾಲು ತೊಳೆದು, ಪೂರ್ವಕ್ಕೆ ಮುಖ ಮಾಡಿ ಕೂತಿದ್ದೇನೆ. ಪುಸ್ತಕ ಕಳೆದ ವರ್ಷದ್ದು. ನಮ್ಮ ಜಗಲಿ ಪಕ್ಕದ ಕೋಣೆಯಲ್ಲಿ ಬಾಡಿಗೆಗಿರುವ ದನದ ಡಾಕ್ಟ್ರು ಷಣ್ಮುಖಪ್ಪನವರು ಕೊಟ್ಟಿದ್ದು. ಅವರು ಇಡೀ ವರ್ಷಕ್ಕೆ ಬರೆದದ್ದು ಒಂದೇ ಸಾಲು: "ಎಮ್ಮೆ, ಹೊಟ್ಟೆಯುಬ್ಬರ." ಆ ಪುಟ ನಾನು ಹರಿದಿಲ್ಲ. ದೊಡ್ಡವರ ಬರಹ.

ಬರೆಯುತ್ತಿರುವವನು ಸಣ್ಣಬೀರಪ್ಪ, ವಯಸ್ಸು ಇಪ್ಪತ್ತು, ಎಸ್ಸೆಸ್ಸೆಲ್ಸಿಯ ದರ್ಶನವನ್ನು ಎರಡು ಸಲ ಮಾಡಿ ಬರಿಗೈಯಲ್ಲಿ ಮರಳಿದವನು. ಸದ್ಯದ ಹುದ್ದೆ: ಡಾಕ್ಟ್ರ ಮೋಟಾರ್ ಸೈಕಲ್ಲಿನ ಸೇವಕ. ಈ ಹುದ್ದೆ ಅರ್ಜಿ ಹಾಕಿ ಬಂದದ್ದಲ್ಲ. ಹೋದ ತಿಂಗಳು ಅವರ ಗಾಡಿಯ ಸೈಲೆನ್ಸರಿಗೆ ಒಂದು ಗೆಣಸು ತುರುಕಿದ್ದೆ. ಅವರು ಒದ್ದರು, ಒದ್ದರು, ಬೆವರು ಸುರಿಸಿ ಒದ್ದರು. ಕೊನೆಗೆ ಗೆಣಸು ಗುಂಡಿನ ಹಾಗೆ ಹಾರಿ ನಮ್ಮ ತಿಮ್ಮಕ್ಕಜ್ಜಿಯ ನೀರಿನ ಕೊಡಕ್ಕೆ ಬಡಿಯಿತು. ಪೋಲೀಸಿಗೆ ಹೇಳುತ್ತಾರೆಂದು ನಾನು ಬೇಲಿ ಹಾರಲು ಸಿದ್ಧನಾಗಿದ್ದೆ. ಅವರು ಕರೆದು, "ಹಾಕಕ್ಕೆ ಬಂತಲ್ಲ ಕೈ, ತೆಗೆಯಕ್ಕೂ ಬರ್ಲಿ. ನಾಳೆಯಿಂದ ಗಾಡಿ ಒರೆಸೋದು, ನೋಡ್ಕೊಳ್ಳೋದು ನಿಂದು," ಅಂದರು. ಇಷ್ಟೇ. ಈ ಶಿಕ್ಷೆಗೆ ನಾನು ಅವರಿಗೆ ಜೀವಮಾನವಿಡೀ ಋಣಿ. ಅವರಿಗೆ ಹೇಳಿಲ್ಲ. ಹೇಳಿದರೆ ಶಿಕ್ಷೆ ರದ್ದಾಗಬಹುದು.

ಗಾಡಿ ನನಗಿಂತ ಐದು ವರ್ಷ ದೊಡ್ಡದು. ಕೆಮ್ಮಣ್ಣುಗುಂಡಿ ಕಡೆಯ ತೋಟದ ಬಿಳಿ ದೊರೆಯೊಬ್ಬ ತನ್ನ ಸೀಮೆಗೆ ಹೋಗುವಾಗ ಬಿಟ್ಟುಹೋದದ್ದು. ಈಗ ಅದರ ಮೇಲೆ ಏಳು ಊರಿನ ದನಗಳ ಜೀವ ಕೂತಿದೆ. ಹೊಸದುರ್ಗದ ಕಡೆ ದೊಡ್ಡರೋಗ ಬಂದಿದೆಯಂತೆ. ಬಂದ ಕೊಟ್ಟಿಗೆಯಲ್ಲಿ ಒಂದು ಬಾಲ ಉಳಿಯುವುದಿಲ್ಲ. ಅದು ಇಲ್ಲಿಗೆ ಕಾಲಿಡುವ ಮೊದಲು ಎಲ್ಲ ದನಕ್ಕೂ ಚುಚ್ಚಬೇಕು. ಔಷಧಿ ಕಡೂರಿನಿಂದ ರೈಲಿನಲ್ಲಿ ಐಸಿನ ಜೊತೆ ಬರುತ್ತದೆ. ಬಂದ ತಕ್ಷಣ ಫ್ಲಾಸ್ಕಿಗೆ ತುಂಬಿ ಓಡಬೇಕು. ಐಸು ಕರಗಿದರೆ ಔಷಧಿ ಬರೀ ನೀರು.

6 ಮಾರ್ಚ್, ಬುಧವಾರ

ಬುಕ್ಕಾಂಬುಧಿ ಇನ್ನೂ ಎರಡು ಮೈಲಿ ಇದ್ದಾಗ ಗಾಡಿ ಕೆಮ್ಮಿತು, ನಿಂತಿತು. ಡಾಕ್ಟ್ರು ಒದ್ದರು. ನಾನು ಒದ್ದೆ. ಹಾರನ್ ಒತ್ತಿದರೆ ಕಪ್ಪೆಮರಿಯ ದನಿ. ಬ್ಯಾಟರಿ ಸತ್ತಿತ್ತು. ಕೆಲವು ಗಾಡಿಗಳಲ್ಲಿ ಬ್ಯಾಟರಿ ಹೋದರೆ ದೀಪ ಮಾತ್ರ ಹೋಗುತ್ತದಂತೆ. ಈ ದೊರೆಯ ಗಾಡಿಯಲ್ಲಿ ಇಂಜಿನ್ನಿನ ಕಿಡಿಯೂ ಬ್ಯಾಟರಿಯದೇ. ಅದು ಹೋದರೆ ಎಲ್ಲವೂ ಹೋಯಿತು.

ತಳ್ಳಿದೆವು. ಬಿಸಿಲು ಬೆನ್ನ ಮೇಲೆ ಮುದ್ದೆ ಬೇಯಿಸುವಷ್ಟಿತ್ತು. ಊರು ಮುಟ್ಟಿ ಫ್ಲಾಸ್ಕ್ ಬಿಚ್ಚಿದರೆ ಒಳಗೆ ಬೆಚ್ಚಗಿನ ನೀರು. ಡಾಕ್ಟ್ರು ಔಷಧಿಯನ್ನೆಲ್ಲ ತಿಪ್ಪೆಗೆ ಚೆಲ್ಲಿದರು. ಬಯಲಿನಲ್ಲಿ ಇನ್ನೂರು ದನ ಬೆಳಗಿನಿಂದ ಮೇವಿಲ್ಲದೆ ಕೂಗುತ್ತಿದ್ದವು. ಕೂಡಿಹಾಕಿಸಿದವನು ಊರಿನ ಈರಪ್ಪ, ಎಂಟು ಎತ್ತಿನ ಒಕ್ಕಲು.

"ಡಾಕ್ಟ್ರೇ, ಹೊತ್ತುಟ್ಟೋಕ್ಕೆ ಮುಂಚೆ ಕೂಡಾಕಿವಿ ಕಣ್ರೀ. ಮನೆಮನೆಗೂ ಹೋಗಿ ಕಾಲ್ ಹಿಡ್ದು ಕರ್ಕಂಬಂದೆ."

"ತಪ್ಪಾಯ್ತು ಈರಪ್ಪ. ಹದಿನಾರನೇ ತಾರೀಕು ನಿಮ್ಮೂರಿಗೆ ಇನ್ನೊಂದು ಸಲ ಔಷಧಿ ಬರುತ್ತೆ."

"ಇನ್ನೊಂದ್ಸಲ ಅಂದ್ರೆ ಇನ್ನೊಂದೇ ಸಲ. ಆವತ್ತೂ ಹಿಂಗಾದ್ರೆ ನಾನು ಹೇಳಿದ್ರೂ ಯಾರೂ ಕೂಡಾಕಲ್ಲ."

ಡಾಕ್ಟ್ರು ಇನ್ನೂರು ದನದ ಮುಂದೆ ಕೈ ಮುಗಿದರು. ಜನರಿಗೆ ಮುಗಿದರೋ ದನಗಳಿಗೋ ಗೊತ್ತಾಗಲಿಲ್ಲ. ನಾನು ಅದರ ಬಗ್ಗೆ ತಮಾಷೆಯಾಗಿ ಏನೋ ಬರೆಯಬೇಕೆಂದಿದ್ದೆ. ಈಗ ನೆನಪಾಗುತ್ತಿಲ್ಲ.

ಮನೆಯಲ್ಲಿ ತಿಮ್ಮಕ್ಕಜ್ಜಿ ಬಾಗಿಲಲ್ಲೇ ಹಿಡಿದಳು. "ಲೇ ಬೀರ, ಈ ಸಲ ಏನ್ ತುರುಕ್ದೆ? ಮೂಲಂಗಿಯೋ?"

"ಬೀರದೇವ್ರಾಣೆ ನಾನಲ್ಲ ಕಣಜ್ಜಿ."

"ದೇವ್ರನ್ ಯಾಕೋ ಎಳೀತೀಯ, ಆತ ನಿನ್ನ ಗೆಣಸು ತಿಂದಿದ್ನಾ?"

7 ಮಾರ್ಚ್, ಗುರುವಾರ — ತರೀಕೆರೆ

ಬ್ಯಾಟರಿಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಬಂದೆ. ಮಗು ಆಸಿಡ್ ಉಚ್ಚೆ ಹೊಯ್ದು ಪಂಚೆಯಲ್ಲಿ ಎರಡು ಕಿಟಕಿ ತೆರೆಯಿತು.

ಬಸ್ ಸ್ಟ್ಯಾಂಡಿನ ಹಿಂದೆ ಪಂಚಾಕ್ಷರಪ್ಪ ಮೇಸ್ತ್ರಿಯ ಷೆಡ್ಡು. ಲಾರಿಗಳ ಕೆಳಗೇ ಅವರ ವಾಸ. ಮೊದಲು ಕಾಲು ಕಾಣುತ್ತದೆ, ಬಹಳ ಹೊತ್ತಿನ ಮೇಲೆ ಮುಖ. ಗಾಜಿನ ಪಿಚಕಾರಿಯಿಂದ ಬ್ಯಾಟರಿಯ ನೀರು ಎಳೆದು ನೋಡಿದರು.

"ಇದಕ್ಕೇನಾಗಿಲ್ಲ. ಹಸಿದದೆ ಅಷ್ಟೇ. ಎಲ್ರೂ ಬ್ಯಾಟರಿ ಸತ್ತೋಯ್ತು ಅಂತ ಹೊತ್ಕಂಬತ್ತೀರಿ. ಕೊಂದೋರ್ಯಾರು ಅಂತ ಒಬ್ರೂ ಕೇಳಲ್ಲ."

"ಯಾರ್ ಮೇಸ್ತ್ರಿ ಕೊಂದೋರು?"

"ನಿಮ್ಮೂರಲ್ಲಿ ಏತ ಐತಲ್ಲ? ಬ್ಯಾಟರಿ ತೊಟ್ಟಿ ಇದ್ದಂಗೆ, ಡೈನಮೋ ಏತ ಇದ್ದಂಗೆ. ಇಂಜಿನ್ ತಿರುಗ್ದಾಗ ಡೈನಮೋ ತಿರುಗಿ ಕರೆಂಟ್ ಎತ್ತಿ ತೊಟ್ಟಿಗೆ ಸುರೀಬೇಕು. ಮಧ್ಯೆ ಕಟೌಟ್ ಅಂತ ಒಂದು ತೂಬು. ಇಷ್ಟರಲ್ಲಿ ಎಲ್ಲೋ ನಿಂತೈತೆ. ತೊಟ್ಟಿ ಬೈದ್ರೆ ನೀರ್ ಬತ್ತದಾ?"

ಏಳು ವರ್ಷ ಸೈನ್ಸ್ ಮೇಷ್ಟ್ರು ಹೇಳಿದ್ದು ಹೋಗದ ಜಾಗಕ್ಕೆ ಇದು ಸೀದಾ ಹೋಯಿತು. ಬ್ಯಾಟರಿ ಚಾರ್ಜಿಗೆ ಹಾಕಿ, ತಮ್ಮ ಬುತ್ತಿಯ ಅರ್ಧ ರೊಟ್ಟಿ ಕೊಟ್ಟರು. ಅರ್ಧ ರೊಟ್ಟಿಗೂ ಒಂದು ಏತಕ್ಕೂ ಈ ಪುಟದಲ್ಲಿ ನಮಸ್ಕಾರ ಸಲ್ಲಿಸಿದೆ.

9 ಮಾರ್ಚ್, ಶನಿವಾರ

ಹೆಡ್‌ಲೈಟಿನ ನೆತ್ತಿಯ ಮೇಲೆ ಒಂದು ಪುಟ್ಟ ಮೀಟರಿದೆ. ಮುಳ್ಳು ಬಲಕ್ಕೆ ವಾಲಿದರೆ ಬ್ಯಾಟರಿಗೆ ಕರೆಂಟು ಬರುತ್ತಿದೆ, ಎಡಕ್ಕೆ ವಾಲಿದರೆ ಹೋಗುತ್ತಿದೆ. ಇಷ್ಟು ದಿನ ಅದನ್ನು ಅಲಂಕಾರ ಅಂದುಕೊಂಡಿದ್ದೆ.

ಎಡಕ್ಕೆ.

10 ಮಾರ್ಚ್, ಭಾನುವಾರ

ಡಾಕ್ಟ್ರು, ನಾನು, ಗಾಡಿ, ಮೂವರೂ ತರೀಕೆರೆಗೆ. ತುಂಬಿಸಿದ್ದ ಬ್ಯಾಟರಿಯ ಪುಣ್ಯದಿಂದ ಮುಟ್ಟಿದೆವು.

ಮೇಸ್ತ್ರಿ ಮೊದಲು ಒಂದೊಂದೇ ತಂತಿ ಹಿಡಿದು ಜಗ್ಗಿದರು. ಬ್ಯಾಟರಿಯಿಂದ ಚಾಸಿಗೆ ಬರುವ ತಂತಿಯ ಬುಡ ಕೆರೆದು ತಿಕ್ಕಿದರು. ಮುಳ್ಳು ಅಲ್ಲಾಡಲಿಲ್ಲ. ಆಮೇಲೆ ಡೈನಮೋದ ಎರಡು ತಂತಿ ಬಿಚ್ಚಿ, ಆ ಎರಡು ತುದಿಗಳನ್ನೂ ಒಂದು ಚೂರು ತಂತಿಯಿಂದ ಸೇರಿಸಿ, ಅಲ್ಲಿಂದ ಗಾಡಿಯ ಮೈಗೆ ಒಂದು ಬಲ್ಬು ಹಚ್ಚಿದರು. "ಈಗ ತೂಬೂ ಇಲ್ಲ, ತೊಟ್ಟಿನೂ ಇಲ್ಲ. ಏತ ಒಂದೇ. ಇಂಜಿನ್ ಓಡ್ಸು." ಓಡಿಸಿದೆ. ಬಲ್ಬು ಕಣ್ಣೇ ಬಿಡಲಿಲ್ಲ.

"ಸಿಕ್ದ ಕಳ್ಳ," ಅಂದರು ಮೇಸ್ತ್ರಿ.

ಡೈನಮೋದ ಮೈಸುತ್ತಿದ ಮುಚ್ಚುಪಟ್ಟಿ ಬಿಚ್ಚಿದರೆ ಒಳಗೆ ಎಣ್ಣೆಯ ಕೆರೆ. ಒಳಗಡೆ ತಾಮ್ರದ ಪಟ್ಟಿಗಳ ಒಂದು ಉರುಳೆ ತಿರುಗುತ್ತದೆ, ಅದಕ್ಕೆ ಎರಡು ಕಾರ್ಬನ್ ಬ್ರಷ್ ಒತ್ತಿಕೊಂಡು ಕರೆಂಟು ತೆಗೆದುಕೊಳ್ಳುತ್ತವೆ. ಒಣಗಿರಬೇಕಾದ ಜಾಗ. ಇಲ್ಲಿ ಎರಡೂ ಬ್ರಷ್ ಎಣ್ಣೆಯಲ್ಲಿ ಮುಳುಗಿದ ಬಜ್ಜಿ. ಪೆಟ್ರೋಲಿನಲ್ಲಿ ತೊಳೆದು, ತಾಮ್ರವನ್ನು ನಯವಾದ ಮರಳುಕಾಗದದಲ್ಲಿ ಉಜ್ಜಿ ಜೋಡಿಸಿದ ಮೇಲೆ ಬಲ್ಬು ಹೊಸ ಮದುಮಗಳ ಮೂಗುಬೊಟ್ಟಿನ ಹಾಗೆ ಹೊಳೆಯಿತು. ಇಂಜಿನ್ನಿನ ಎಣ್ಣೆ ಸೋರಿರಬೇಕೆಂದು ಮೇಸ್ತ್ರಿ ಹೊಸ ಸೀಲು ಹಾಕಿದರು.

ಹೊರಡುವಾಗ ಮುಳ್ಳು ಬಲಕ್ಕೆ. ಡಾಕ್ಟ್ರು ದಾರಿಯುದ್ದಕ್ಕೂ ಸಣ್ಣಗೆ ಹಾಡುತ್ತಿದ್ದರು. ಅವರ ಹಾಡು ಬಹಳ ಕೆಟ್ಟದಾಗಿದೆ. ದೇವರು ಇನ್ನೂ ಹಾಡಿಸಲಿ.

12 ಮಾರ್ಚ್, ಮಂಗಳವಾರ

ಅಂತರಘಟ್ಟೆ. ನೂರಾ ಅರವತ್ತು ದನ, ಒಂದೂ ಬಿಡದೆ. ಕೊಂಬು ಹಿಡಿಯುವ ಕೆಲಸ ನನ್ನದು. ಒಂದು ಹೋರಿ ನನ್ನನ್ನು ಎತ್ತಿ ಸೀಗೆ ಪೊದೆಯಲ್ಲಿ ಸಕಲ ಮರ್ಯಾದೆಗಳೊಂದಿಗೆ ಕೂರಿಸಿತು.

ಬರುವಾಗ ಮುಳ್ಳು ಎಡಕ್ಕೆ.

ಡಾಕ್ಟ್ರು ಗಾಡಿ ನಿಲ್ಲಿಸಿ ಇಳಿದರು. ನನ್ನ ಮುಖ ನೋಡಿದರು. "ನೀನೇನಾ?" ಅಂತ ಕೇಳಲಿಲ್ಲ. ಕೇಳಿದ್ದರೆ ಒಳ್ಳೆಯದಿತ್ತು. ಆಣೆ ಪ್ರಮಾಣ ಮಾಡಿ, ಎದೆ ಬಡಿದುಕೊಂಡು, ಒಂದು ನಾಟಕ ಆಡಬಹುದಿತ್ತು. ಕೇಳದೇ ಇದ್ದರೆ ಏನು ಆಡುವುದು?

13 ಮಾರ್ಚ್, ಬುಧವಾರ

ನಾನೇ ಡೈನಮೋದ ಮುಚ್ಚುಪಟ್ಟಿ ಬಿಚ್ಚಿದೆ. ಮತ್ತೆ ಕೆರೆ. ಸೀಲು ಹೊಸದು, ಇಂಜಿನ್ ಕಡೆ ಒಣಗಿದೆ. ಎಣ್ಣೆ ಬಂದಿರುವುದು ಈಚೆ ತುದಿಯಿಂದ. ಅಲ್ಲಿ ಒಂದು ಪುಟ್ಟ ಮುಚ್ಚಳವಿದೆ. ಒಳಗಿನ ಬೇರಿಂಗಿಗೆ ತಿಂಗಳಿಗೊಮ್ಮೆ ಎರಡು ತೊಟ್ಟು ಬಿಡಲೆಂದು ಇಟ್ಟದ್ದು. ಬೆರಳಲ್ಲಿ ಅದ್ದಿ ಮೂಸಿದೆ. ಇಂಜಿನ್ ಎಣ್ಣೆಯಲ್ಲ. ಹರಳೆಣ್ಣೆ!

ಅಂದರೆ ಯಾರೋ ಬೇಕೆಂದೇ ಸುರಿಯುತ್ತಿದ್ದಾರೆ. ಇಂಥ ಕೆಲಸಕ್ಕೆ ಈ ಊರಿನಲ್ಲಿ ನನ್ನನ್ನು ಬಿಟ್ಟರೆ ಅರ್ಹರೇ ಇಲ್ಲ. ನಾನು ಮಾಡಿಲ್ಲ. ಆದ್ದರಿಂದ ನನ್ನ ಪದವಿಯನ್ನೇ ಕಸಿಯಲು ಬಂದಿರುವ ಪ್ರತಿಸ್ಪರ್ಧಿಯೊಬ್ಬ ಇದ್ದಾನೆ. ನಾಳೆ ಬೆಳಗಿನ ಜಾವದಿಂದ, ಗಾಡಿ ನಿಲ್ಲಿಸುವ ನಮ್ಮ ಕೊಟ್ಟಿಗೆಯ ಹುಲ್ಲಿನಲ್ಲಿ ಅಡಗಿ ಹಿಡಿಯುತ್ತೇನೆ. ಹಿಡಿದು ಏನು ಮಾಡಬೇಕೆಂಬ ಪಟ್ಟಿ ಸಿದ್ಧವಾಗಿದೆ. ಅದರಲ್ಲಿ ತುರುಚೆ ಸೊಪ್ಪು ಎರಡು ಸಲ ಬರುತ್ತದೆ.

14 ಮಾರ್ಚ್, ಗುರುವಾರ

ಹಿಡಿಯಲಿಲ್ಲ.

ಬೆಳಕು ಹರಿಯುವ ಹೊತ್ತಿಗೆ ಅಜ್ಜಿ ಬಂದಳು. ಹಸು ಕೆಂದಿಯ ಹಾಲು ಕರೆದಳು. ಅದರ ಹಣೆಗೆ ಕುಂಕುಮ ಇಟ್ಟಳು. ಆಮೇಲೆ ಗಾಡಿಯ ಹೆಡ್‌ಲೈಟಿಗೂ ಇಟ್ಟಳು. ಸೆರಗಿನೊಳಗಿಂದ ದೀಪದ ಎಣ್ಣೆಯ ಗಿಂಡಿ ತೆಗೆದು, ಪುಟ್ಟ ಮುಚ್ಚಳ ಎತ್ತಿ, ಸುರಿಯುತ್ತ ಗಾಡಿಯ ಜೊತೆ ಮಾತಾಡಿದಳು.

"ತಗಾ. ಎಲ್ಡು ತೊಟ್ಟು ಸಾಕಂತೆ, ಎಲ್ಡು ತೊಟ್ಟು! ಡಾಕ್ಟ್ರು ಹಂಗಂದು ಹಾಕೋದ್ ನೋಡಿದೀನಿ, ನಮ್ಮನೆ ಎಣ್ಣೆ ಕೇಳೋಕ್ ಸಂಕೋಚ ಅವ್ರಿಗೆ. ಬಂಡಿ ಕಟ್ಟೋಕ್ ಮುಂಚೆ ಅಚ್ಚಿಗೆ ಎಣ್ಣೆ ಇಲ್ದೆ ನಮ್ಮನೇಲಿ ಯಾವತ್ತಾದ್ರೂ ಬಂಡಿ ಹೊಲ್ಟೈತಾ? ಕರು ಅಡ್ಡ ಸಿಕ್ಕಂಡು ಕೆಂದಿ ಸಾಯ್ತಿದ್ದಾಗ ಮೊಣಕೈ ಗಂಟ ಕೈ ಹಾಕಿ ಉಳಿಸ್ಕೊಟ್ಟ ಪುಣ್ಯಾತ್ಮನ್ನ ಹೊತ್ಕಂಡ್ ತಿರುಗ್ತೀಯ ನೀನು. ಹೊಟ್ಟೆ ತುಂಬ ಕುಡಿ. ಆ ಬೀರನ್ನ ನಂಬ್ಕಂಡ್ರೆ ನಿನ್ ಗತಿ ಆಯ್ತು."

ಹುಲ್ಲಿನೊಳಗೆ ಕೂತಿದ್ದವನು ಹೊರಗೆ ಬಂದು "ಅಜ್ಜೀ, ಸಿಕ್ಕಿಬಿದ್ದೆ!" ಅನ್ನಬೇಕಿತ್ತು. ಜೀವಮಾನದಲ್ಲಿ ಇಂಥ ಅವಕಾಶ ಒಂದೇ ಸಲ. ಅಜ್ಜಿ ನನಗೆ ಬೈದ ಬೈಗುಳಗಳನ್ನೆಲ್ಲ ಬಡ್ಡಿ ಸಮೇತ ಹಿಂದಿರುಗಿಸಬಹುದಿತ್ತು. ಹುಲ್ಲನ್ನು ಇನ್ನಷ್ಟು ಮೈಮೇಲೆ ಎಳೆದುಕೊಂಡೆ. ಧೂಳು ಕಣ್ಣಿಗೆ ಹೋಗಿತ್ತು.

15 ಮಾರ್ಚ್, ಶುಕ್ರವಾರ

ಡೈನಮೋ ಇನ್ನೊಮ್ಮೆ ತೊಳೆದೆ. ಮುಳ್ಳು ಬಲಕ್ಕೆ ಬಂತು. ಆಮೇಲೆ ಅಜ್ಜಿಯ ಹತ್ತಿರ ಹೋಗಿ, ಆಕಾಶ ನೋಡುತ್ತ, ಯಾರಿಗೋ ಹೇಳುವ ಹಾಗೆ ಹೇಳಿದೆ.

"ತರೀಕೆರೆ ಮೇಸ್ತ್ರಿ ಹೇಳವ್ರೆ ಅಜ್ಜಿ. ಸೀಟಿನ ಸ್ಪ್ರಿಂಗು ಕೀರ್ ಅಂತೈತಂತೆ, ದಿನಾ ಎಣ್ಣೆ ಬೇಕಂತೆ. ನಂಗೆ ಪುರುಸೊತ್ತಿಲ್ಲ. ಆ ಪಕ್ಕದ ಮುಚ್ಚಳಕ್ಕೆ ಮಾತ್ರ ಇನ್ನು ಬ್ಯಾಡ್ವಂತೆ, ಹೊಟ್ಟೆ ತುಂಬೈತಂತೆ."

"ಅದಕ್ಕೆ ಯಾರ್ ಹಾಕ್ತಾರೋ!" ಅಂದಳು. ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ನನ್ನ ವಿದ್ಯೆ ಯಾವ ವಂಶದಿಂದ ಬಂತೆಂದು ಇಂದು ತಿಳಿಯಿತು.

ಡಾಕ್ಟ್ರಿಗೂ ಏನಾದರೂ ಹೇಳಲೇಬೇಕಿತ್ತು. ನಾಳೆ ಬುಕ್ಕಾಂಬುಧಿ. ಗಾಡಿಯನ್ನು ನಂಬಿ ಹೊರಡಲೋ ಬೇಡವೋ ಎಂದು ಎರಡು ದಿನದಿಂದ ಅವರು ಸರಿಯಾಗಿ ಉಂಡಿಲ್ಲ. ಕೋಣೆಯ ಬಾಗಿಲಲ್ಲಿ ಕೈಕಟ್ಟಿ ನಿಂತು, "ಡೈನಮೋಗೆ ಹರಳೆಣ್ಣೆ ಸುರೀತಿದ್ದೋನು ನಾನೇ ಸಾರ್. ತಮಾಷೆಗೆ. ಇನ್ನು ಸುರಿಯಲ್ಲ. ನಾಳೆ ಗಾಡಿ ನಿಲ್ಲಲ್ಲ," ಅಂದೆ.

ಅವರು ಕೈಲಿದ್ದ ಹಾಲಿನ ಚೊಂಬು ಕೆಳಗಿಟ್ಟರು.

"ಹಾಗಾದ್ರೆ ನಾಳೆ ಬುಕ್ಕಾಂಬುಧಿ ಬಯಲಲ್ಲಿ ಜನದ ಮುಂದೆ ನಿಂತು ಈ ಮಾತೇ ಹೇಳ್ತೀಯಾ?"

ಇದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಹೇಳುತ್ತೇನೆ ಅಂದೆ.

16 ಮಾರ್ಚ್, ಶನಿವಾರ

ಐಸು ಇಳಿದದ್ದೇ ಹೊರಟೆವು. ಆರು ಮೈಲಿಯೂ ಮುಳ್ಳು ಬಲಕ್ಕೇ. ಹೋದ ಸಲ ನಿಂತ ಜಾಗ ಬಂದಾಗ ನಾನು ಉಸಿರು ಹಿಡಿದಿದ್ದೆ. ಗಾಡಿ ಹಿಡಿಯಲಿಲ್ಲ, ಓಡಿತು.

ದನಗಳು ಅರ್ಧ ಮಾತ್ರ ಬಂದಿದ್ದವು. ಉಳಿದವರು ತಮ್ಮ ತಮ್ಮ ಬಾಗಿಲಲ್ಲಿ ನಿಂತು ಮಜಾ ನೋಡುತ್ತಿದ್ದರು. ಡಾಕ್ಟ್ರು ನನ್ನ ಕಡೆ ತಿರುಗಿದರು. ನಾನು ಕಲ್ಲಿನ ಮೇಲೆ ಹತ್ತಿ, ಗಾಡಿ ಕೆಟ್ಟದ್ದು ಡಾಕ್ಟ್ರ ತಪ್ಪಲ್ಲ, ಹರಳೆಣ್ಣೆ ಸುರಿದ ನನ್ನದು, ಅಂದೆ.

ಈರಪ್ಪ ಹತ್ತಿರ ಬಂದ. "ನಿನ್ನ ಹೊಟ್ಟೆಗೆ ಏನ್ ತಿಂತೀಯೋ? ಇನ್ನೂರು ದನ ಬಿಸ್ಲಲ್ಲಿ ಬಾಯಾರಿ ನಿಂತಿದ್ವು ಕಣೋ. ಬಾಯಿಲ್ಲದ ಜೀವ!"

ಉತ್ತರ ಬಹಳ ಚೆನ್ನಾಗಿರುವುದೊಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ. ತಲೆ ತಗ್ಗಿಸಿ ನಿಂತೆ. ಹೆಂಗಸರೂ ಬೈದರು, ಅವರು ಈರಪ್ಪನಿಗಿಂತ ಚೆನ್ನಾಗಿ ಬೈದರು. ಬೈದು ಸುಸ್ತಾದ ಮೇಲೆ ಒಬ್ಬೊಬ್ಬರೇ ಹೋಗಿ ದನ ಹೊಡೆದುಕೊಂಡು ಬಂದರು. ಬೈಯಲು ಒಬ್ಬ ಸಿಕ್ಕಿದ್ದರಿಂದ ಡಾಕ್ಟ್ರ ಮೇಲಿನ ಸಿಟ್ಟು ಇಳಿದಿತ್ತೆಂದು ಕಾಣುತ್ತದೆ. ಇನ್ನೂರಾ ಹದಿನಾಲ್ಕು ಚುಚ್ಚಿದೆವು. ಕೊನೆಯದು ಈರಪ್ಪನ ಕರು. ಚುಚ್ಚಿಸಿಕೊಂಡು ನನ್ನ ಕೈ ನೆಕ್ಕಿತು. ಅದಕ್ಕೆ ವಿಷಯ ಗೊತ್ತಿಲ್ಲ.

ಬರುವಾಗ ಡಾಕ್ಟ್ರು ಹೊಂಗೆ ಮರದ ಕೆಳಗೆ ನಿಲ್ಲಿಸಿ ಬೀಡಿ ಹಚ್ಚಿದರು. "ನಿಮ್ಮಜ್ಜಿ ತಂದ್ಕೊಡೋ ಹಾಲಿನ ಚೊಂಬಿಗೆ ಯಾವಾಗ್ಲೂ ಹರಳೆಣ್ಣೆ ವಾಸನೆ ಕಣೋ. ನೀನು ತಲೆಗೇ ಎಣ್ಣೆ ಹಚ್ಚೋನಲ್ಲ."

ನಾನು ಒರೆಸಿದ್ದ ಹೆಡ್‌ಲೈಟನ್ನೇ ಮತ್ತೆ ಒರೆಸಿದೆ.

"ನಿನ್ನೆ ನೀನು ಬಾಗಿಲಲ್ಲಿ ನಿಂತಾಗ್ಲೇ ಗೊತ್ತಾಯ್ತು. ಜನಕ್ಕೆ ಒಂದು ಕಾರಣ ಬೇಕಿತ್ತು. ಅದು ಆಯಮ್ಮ ಆಗಬಾರ್ದಿತ್ತು. ನಿನ್ನ ಬಿಟ್ರೆ ನಂಗೆ ಬೇರೆ ಯಾರಿದ್ರು ಹೇಳು."

ಇದು ಹೊಗಳಿಕೆಯೇ? ಗೊತ್ತಿಲ್ಲ. ನಾನು ಹೊಗಳಿಕೆಯ ಖಾತೆಗೇ ಹಾಕಿಕೊಂಡಿದ್ದೇನೆ.

17 ಮಾರ್ಚ್, ಭಾನುವಾರ

ಬುಕ್ಕಾಂಬುಧಿಯ ಯಾರೋ ಬಾವಿಕಟ್ಟೆಯಲ್ಲಿ ಅಜ್ಜಿಗೆ ನನ್ನ ಭಾಷಣದ ವರದಿ ಒಪ್ಪಿಸಿದ್ದಾರೆ. ಈಗ ಪೊರಕೆ ಬರುತ್ತದೆಂದು ಕಾದೆ. ಬರಲಿಲ್ಲ. ಅಜ್ಜಿ ಇವತ್ತು ಇಡೀ ದಿನ ಬೈಯಲಿಲ್ಲ. ಮುದ್ದೆಯ ಮೇಲೆ ತುಪ್ಪ ಹಾಕಿದಳು. ನನಗೆ ಬಹಳ ಹೆದರಿಕೆಯಾಗುತ್ತಿದೆ.

18 ಮಾರ್ಚ್, ಸೋಮವಾರ

ಬೆಳಿಗ್ಗೆ ಎದ್ದರೆ ಅಜ್ಜಿ ಇಲ್ಲ. ಕೆಂದಿಯ ಹಾಲು ಕರೆದಿಟ್ಟಿದೆ, ಒಲೆ ಹಚ್ಚಿಲ್ಲ. ಬುಕ್ಕಾಂಬುಧಿ ದಾರಿಯಲ್ಲಿ ನಡೆದು ಹೋಗುತ್ತಿದ್ದಳೆಂದು ಬಂಡಿಯವನೊಬ್ಬ ಹೇಳಿದ. ಹತ್ತಿಸಿಕೊಳ್ಳುತ್ತೇನೆಂದರೂ ಹತ್ತಲಿಲ್ಲವಂತೆ. ಎಪ್ಪತ್ತರ ಹತ್ತಿರದ ಕಾಲು, ಆರು ಮೈಲಿ.

ಡಾಕ್ಟ್ರಿಗೆ ಹೇಳಿದೆ. ಅವರು ಗಾಡಿಯ ಕಡೆ ಕೈ ತೋರಿಸಿದರು. "ನೀನೇ ಹೋಗು. ಓಡಿಸಕ್ಕೆ ಬರಲ್ಲ ಅಂತ ನಾಟಕ ಆಡಬೇಡ, ನಾನಿಲ್ದಾಗ ಓಡಿಸಿದ್ದು ಗೊತ್ತು."

ಅಜ್ಜಿ ಸಿಕ್ಕಿದ್ದು ವಾಪಸು ಬರುವ ದಾರಿಯಲ್ಲಿ, ಒಂದು ಮೋರಿಯ ಕಟ್ಟೆಯ ಮೇಲೆ ಕೂತು ಪಾದ ನೀವಿಕೊಳ್ಳುತ್ತಿದ್ದಳು.

"ಎಲ್ಲಿಗ್ ಹೋಗಿದ್ದೆ ಅಜ್ಜಿ?"

"ಈರಪ್ಪನ ಬಾಗಿಲಿಗೆ. ನಾಕು ಜನಾನೂ ಕರೆಸ್ದೆ. ಎಣ್ಣೆ ಸುರಿದೋಳು ನಾನು, ನನ್ ಮೊಮ್ಮಗ ಅಲ್ಲ, ಅಂದೆ. ಅವನು ಪೋಲಿ ಇರಬೌದು, ಗೆಣಸು ತುರುಕೋನಿರಬೌದು, ದನ ಸಾಯ್ಲಿ ಅನ್ನೋನಲ್ಲ, ಅಂದೆ."

"ಯಾರು ಕೇಳಿದ್ರು ನಿನ್ನ? ಮುಗ್ದೋಗಿತ್ತಲ್ಲ."

"ನಿಂಗೆ ಮುಗ್ದಿತ್ತು." ಸ್ವಲ್ಪ ಹೊತ್ತು ಪಾದ ನೀವಿಕೊಂಡಳು. "ಮೊದ್ಲೇ ನಂಗೊಂದ್ ಮಾತು ಹೇಳಬಾರ್ದಿತ್ತೇನೋ ಮುಂಡೇದೆ?"

ಹುಲ್ಲಿನಲ್ಲಿ ಕೂತು ಕೇಳಿದ್ದನ್ನು ಹೇಳಲೇ? ಗಾಡಿಯ ಸೀಟು ಒರೆಸಿ, "ಮಹಾರಾಣಿಯವರು ದಯಮಾಡಿಸಬೇಕು," ಅಂದೆ. ಅಜ್ಜಿ ಬೆನ್ನಿಗೊಂದು ಗುದ್ದು ಕೊಟ್ಟು, ಸೆರಗು ಬಿಗಿದು, ಒಂದೇ ಕಡೆಗೆ ಕಾಲು ಹಾಕಿ ಕೂತಳು. ನನ್ನ ಅಂಗಿಯನ್ನು ಎಷ್ಟು ಬಿಗಿಯಾಗಿ ಹಿಡಿದಳೆಂದರೆ ಗುಂಡಿ ಕಿತ್ತು ಹೋಯಿತು.

ಗಾಡಿ ಜೋರಾಗಿ ಹೊರಟಿತು. ಊರು ಹತ್ತಿರ ಬಂದ ಹಾಗೆ ಅಜ್ಜಿ ಕಿವಿಯಲ್ಲಿ ಕೂಗಿದಳು.

"ನಿಧಾನ ಹೋಗೋ! ಜನ ನೋಡ್ಲಿ!"

ಅಷ್ಟು ನಿಧಾನ ಹೋದರೆ ಡೈನಮೋ ಚಾರ್ಜೇ ಮಾಡುವುದಿಲ್ಲ. ನನಗೆ ಗೊತ್ತಿತ್ತು. ಪೇಟೆ ಬೀದಿಯ ಈ ತುದಿಯಿಂದ ಆ ತುದಿಯವರೆಗೂ ನಿಧಾನವಾಗಿಯೇ ಹೋದೆ.